ಮಹಾಚಕ್ರಗಳೂ ಕಡೆಗೀಲೂ

2021ನೆಯ ಇಸವಿಯ ಸೆಪ್ಟೆಂಬರ್ 22ನೆಯ ತಾರೀಖು ನಮ್ಮ ಶಿವಾಜಿನಗರದಲ್ಲಿ ನೆಲದ ಕೆಳಗಿನ ಗೋಡೆಯೊಂದು ಒಡೆದು, ಅದರ ಹಿಂದಿನಿಂದ ಉಕ್ಕಿನ ಚಕ್ರವೊಂದು ಮೆಲ್ಲಮೆಲ್ಲನೆ ತಿರುಗುತ್ತ ಹೊರಗೆ ಮುಖದೋರಿತು. ಮೆಟ್ರೋ ರೈಲಿಗಾಗಿ ಸುರಂಗವನ್ನು ಕೊರೆಯುತ್ತಿದ್ದ ‘ಊರ್ಜಾ’ ಎಂಬ ಯಂತ್ರದ ಮುಂಭಾಗವದು. ವ್ಯಾಸದಲ್ಲಿ ಆರು ಮೀಟರಿಗೂ ಮಿಕ್ಕಿದ್ದು. ದಂಡು ರೈಲು ನಿಲ್ದಾಣದ ಕಡೆಯಿಂದ ಹೊರಟು, ಸುಮಾರು 855 ಮೀಟರುಗಳಷ್ಟು ಬಂಡೆಯನ್ನೂ ಮಣ್ಣನ್ನೂ ಅರೆದುಕೊಂಡು ಅದು ಬಂದಿತ್ತು. ಅಂದು ಮುಖ್ಯಮಂತ್ರಿಗಳಾಗಿದ್ದ ಶ್ರೀ ಬಸವರಾಜ ಬೊಮ್ಮಾಯಿಯವರು ಆ ಸಮಯದಲ್ಲಿ ಖುದ್ದಾಗಿ ಹಾಜರಿದ್ದರು. ಅದರ ಹಿಂದೆಯೇ ‘ವಿಂಧ್ಯಾ’ ಬಂದಿತು. ಹೀಗೆ ಒಟ್ಟು ಒಂಬತ್ತು ಯಂತ್ರಗಳು ದುಡಿದು, 2024ರ ಅಕ್ಟೋಬರ್ 30ರಂದು ‘ಭದ್ರಾ’ ಎಂಬುದು ನಾಗವಾರದಲ್ಲಿ ಹೊರಬಿದ್ದಾಗ ಆ ಮಾರ್ಗದ ಸುರಂಗ ಕೆಲಸ ಪೂರ್ಣವಾಯಿತು.

ಈ ಚಕ್ರಗಳ ಶಕ್ತಿಯನ್ನು ಹೊಗಳುವವರು ಅನೇಕರಿದ್ದಾರೆ. ನಮಗೆ ಹೆಚ್ಚು ಮೆಚ್ಚಿಗೆಯಾದದ್ದು ಅವುಗಳ ಮೇಲಿಟ್ಟಿದ್ದ ಕಾವಲು. ಶಿವಾಜಿನಗರದ ಬೀದಿಗಳು ಇಕ್ಕಟ್ಟಾದವು. ಮನೆಗಳು ಹಳೆಯವು, ಒಂದಕ್ಕೊಂದು ಬೆನ್ನು ಕೊಟ್ಟು ನಿಂತವು. ಅಂಥ ಕಡೆ ಕೊರೆಯುವಾಗ ನೆಲ ಎಷ್ಟು ಕುಸಿಯಿತು, ಗೋಡೆ ಎಲ್ಲಿ ಬಿರಿಯಿತು ಎಂಬುದನ್ನು ಉಪಕರಣಗಳನ್ನಿಟ್ಟು ಅಳೆಯಬೇಕಾಗುತ್ತದೆ. ಚಕ್ರದ ಹಲ್ಲು ಸವೆದರೆ ಯಂತ್ರವನ್ನು ನಿಲ್ಲಿಸಿ ಬದಲಾಯಿಸಬೇಕಾಗುತ್ತದೆ. ಪ್ರತಿಯೊಂದು ಸರದಿಯ ಲೆಕ್ಕವನ್ನೂ ಬರೆದಿಡಬೇಕಾಗುತ್ತದೆ. ಆ ಚಕ್ರಕ್ಕೆ ಉತ್ತರವಾದಿಗಳಾದ ಇಂಜಿನಿಯರುಗಳು ಹೆಸರು ಹಿಡಿದು ಇದ್ದರು.

ಈಗ ವಾಚಕರು ನೆಲದ ಕೆಳಗಿನಿಂದ ಮೇಲಕ್ಕೆ ದೃಷ್ಟಿಯನ್ನು ತಿರುಗಿಸಬೇಕೆಂದು ಬೇಡುತ್ತೇವೆ. ಹಿರಿಯರು ರಂಕಲರಾಟೆಯೆಂದು ಕರೆದ, ಇಂದಿನ ಮಕ್ಕಳು ಜೈಂಟ್ ವೀಲ್ ಎನ್ನುವ ಇನ್ನೊಂದು ಬಗೆಯ ಚಕ್ರವುಂಟು. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ, ನಾಡಿನ ಸಣ್ಣ ದೊಡ್ಡ ಜಾತ್ರೆಗಳಲ್ಲಿ ಇದು ತಲೆಯೆತ್ತುತ್ತದೆ. ಶಿವಾಜಿನಗರದ ಗಲ್ಲಿಯಲ್ಲಿ ಆಕಾಶವನ್ನೇ ಅಂಗೈಯಗಲ ಕಂಡು ಬೆಳೆಯುವ ಮಗುವಿಗೆ ತನ್ನ ಊರನ್ನು ಮೇಲಿನಿಂದ ನೋಡುವ ಭಾಗ್ಯ ದೊರೆಯುವುದು ಈ ತೊಟ್ಟಿಲಿನಲ್ಲಿಯೇ. ವಿಮಾನವೇರದ, ಹತ್ತಂತಸ್ತಿನ ಹೋಟಲಿನ ಮೇಲುಪ್ಪರಿಗೆಯನ್ನು ಕಾಣದ ಬಡವರ ಮನೆಯ ಹೆಣ್ಣುಮಕ್ಕಳು, ಕೂಲಿಯವರು, ಹಳ್ಳಿಯಿಂದ ಬಂದ ಮುದುಕರು ಇದರಲ್ಲಿ ಕುಳಿತು ಒಂದು ಗಳಿಗೆ ಜಗತ್ತನ್ನು ಮರೆಯುತ್ತಾರೆ. ಇದನ್ನು ಕೀಳು ವಿನೋದವೆಂದು ಹಳಿಯುವ ಪಂಡಿತರೊಡನೆ ನಮ್ಮ ಸಹಮತವಿಲ್ಲ.

ಆದರೆ ಆ ತೊಟ್ಟಿಲನ್ನು ಹೊತ್ತ ಚಕ್ರದ ಸ್ಥಿತಿಯೇನು? ಅದು ಒಂದೂರಿನಿಂದ ಮತ್ತೊಂದೂರಿಗೆ ಲಾರಿಯಲ್ಲಿ ತುಂಡುತುಂಡಾಗಿ ಹೋಗುವ ಯಂತ್ರ. ಪ್ರತಿಯೊಂದು ಜಾತ್ರೆಗೂ ಅದನ್ನು ಬಿಚ್ಚಬೇಕು, ಮತ್ತೆ ಕಟ್ಟಬೇಕು. ಹೀಗೆ ಬಿಚ್ಚಿ ಕಟ್ಟುವಾಗಲೆಲ್ಲ ತಿರುಪುಗಳು ಸವೆಯುತ್ತವೆ. ಬೆಸುಗೆಯ ಕೀಲುಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬೆಳೆಯುತ್ತದೆ. ಅದು ನಿಲ್ಲುವ ನೆಲ ಒಮ್ಮೆ ಗಟ್ಟಿ, ಒಮ್ಮೆ ಮಳೆ ನೆನೆದ ಮೈದಾನ. ಕಾಲುಗಳ ಕೆಳಗೆ ಮರದ ದಿಮ್ಮಿಗಳೇ ಅಸ್ತಿಭಾರ. ಒಂದು ಪಕ್ಕದ ತೊಟ್ಟಿಲುಗಳನ್ನು ತುಂಬಿ ಎದುರು ಪಕ್ಕವನ್ನು ಬರಿದಾಗಿ ಬಿಟ್ಟರೆ ಭಾರದ ಸಮತೆ ತಪ್ಪಿ ಚಕ್ರವು ಜಗ್ಗುತ್ತದೆ. ಇವೆಲ್ಲಕ್ಕೂ ಸಾಕ್ಷಿಯಾಗಿ ನಿಂತಿರುವವನು ಅನುಭವವೊಂದನ್ನೇ ನೆಚ್ಚಿದ, ಹಗಲಿರುಳು ದುಡಿದು ಕಣ್ಣು ಕೆಂಪಾದ ಒಬ್ಬ ಚಾಲಕ. ಎತ್ತಿನ ಬಂಡಿಯ ಕಡೆಗೀಲು ಬೆರಳುದ್ದದ ಕಬ್ಬಿಣ. ಅದು ಕಳಚಿದರೆ ಗಾಲಿ ಉಳಿಯದೆಂಬುದು ನಮ್ಮ ರೈತನಿಗೆ ಗೊತ್ತು. ಅದಕ್ಕಾಗಿಯೇ ಅವನು ಹೊರಡುವ ಮುನ್ನ ಅದನ್ನು ಮುಟ್ಟಿ ನೋಡುತ್ತಾನೆ. ಜಾತ್ರೆಯ ಮಹಾಚಕ್ರದ ಕಡೆಗೀಲನ್ನು ಮುಟ್ಟಿ ನೋಡುವ ಹೊಣೆ ಯಾರದು? ಇದೇ ಇಂದಿನ ನಮ್ಮ ಪ್ರಶ್ನೆ.

ಈ ಚಕ್ರದ ಚರಿತ್ರೆಯಲ್ಲಿಯೇ ಈ ಪ್ರಶ್ನೆಗೆ ಉತ್ತರವುಂಟು. 1893ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಜಗತ್ಪ್ರಸಿದ್ಧವಾದ ಮೇಳವೊಂದು ನಡೆಯಿತು. ಅದರ ಹಿಂದಿನ ವರ್ಷ ನಮ್ಮ ಬೆಂಗಳೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು ಸೆಪ್ಟೆಂಬರ್ 11ರಂದು ಮಾತನಾಡಿದ ಸರ್ವಧರ್ಮ ಸಮ್ಮೇಳನವು ಈ ಮೇಳದ ಅಂಗವಾಗಿಯೇ ಸೇರಿತ್ತು. ಪ್ಯಾರಿಸಿನ ಐಫೆಲ್ ಗೋಪುರಕ್ಕೆ ಸರಿಸಾಟಿಯಾದ ಒಂದು ಅದ್ಭುತವು ಬೇಕೆಂದು ಮೇಳದವರು ಹಂಬಲಿಸುತ್ತಿದ್ದಾಗ, ಜಾರ್ಜ್ ಫೆರಿಸ್ ಎಂಬ ಸೇತುವೆಗಳ ಇಂಜಿನಿಯರು 264 ಅಡಿ ಎತ್ತರದ ಚಕ್ರವನ್ನು ನಿಲ್ಲಿಸಿದರು. ಅದರಲ್ಲಿ 36 ಪೆಟ್ಟಿಗೆಗಳು. ಒಂದೊಂದರಲ್ಲಿ 60 ಜನ. ಒಟ್ಟು 2160 ಮಂದಿ ಒಂದೇ ಬಾರಿಗೆ ಆಕಾಶವನ್ನೇರಬಹುದಾಗಿತ್ತು. ಅಚ್ಚೊಂದೇ 45 ಅಡಿ ಉದ್ದ, 40 ಟನ್ನು ತೂಕ. ಉಗಿಯಂತ್ರಗಳು ಎರಡು, ತಿರುಗಿಸಲು ಒಂದು ಸಾಕು, ಅದು ಕೆಟ್ಟರೆ ಇರಲೆಂದು ಇನ್ನೊಂದು. ಜನರನ್ನು ಕೂರಿಸುವ ಮುಂಚೆ ಬರಿಯ ಚಕ್ರವನ್ನು ತಿರುಗಿಸಿ ಪರೀಕ್ಷಿಸಿದರು. ಆಮೇಲಿನ ಪರೀಕ್ಷೆಯಲ್ಲಿ ಮೊದಲ ಸುತ್ತು ಕುಳಿತವರಲ್ಲಿ ಫೆರಿಸರ ಪತ್ನಿಯೂ ಇದ್ದರು. ಹದಿನಾಲ್ಕು ಲಕ್ಷಕ್ಕೂ ಮಿಕ್ಕಿದ ಜನ ಅದನ್ನೇರಿ ಸುಖವಾಗಿ ಇಳಿದರು. ಕಟ್ಟಿದ ಫೆರಿಸರಿಗೆ ಮಾತ್ರ ಸುಖವಾಗಲಿಲ್ಲ. ಲಾಭದ ಪಾಲಿಗಾಗಿ ವ್ಯಾಜ್ಯವಾಡುತ್ತಲೇ ಅವರು 1896ರಲ್ಲಿ, 37ನೆಯ ವಯಸ್ಸಿನಲ್ಲಿ ತೀರಿಕೊಂಡರು. 1906ರಲ್ಲಿ ಅವರ ಚಕ್ರವನ್ನೂ ಸಿಡಿಮದ್ದಿಟ್ಟು ಕೆಡವಲಾಯಿತು. ಮನುಷ್ಯನೂ ಹೋದ, ಚಕ್ರವೂ ಹೋಯಿತು. ಉಳಿದದ್ದು ಮೊದಲು ಪರೀಕ್ಷೆ, ಆಮೇಲೆ ಟಿಕೆಟ್ಟು ಎಂಬ ಅವರ ಪದ್ಧತಿ.

ಅಲ್ಲಿಂದೀಚೆಗೆ ರಾಷ್ಟ್ರಗಳು ಚಕ್ರದ ಎತ್ತರದಲ್ಲಿ ಪೈಪೋಟಿಗಿಳಿದಿವೆ. ಲಂಡನ್ನಿನಲ್ಲಿ 2000ದಲ್ಲಿ ಜನರಿಗಾಗಿ ತೆರೆದ ಚಕ್ರ 135 ಮೀಟರು. 2008ರಲ್ಲಿ ಸಿಂಗಪುರದ್ದು 165. 2014ರಲ್ಲಿ ಅಮೆರಿಕದ ಲಾಸ್ ವೇಗಸ್ಸಿನದು ಅದಕ್ಕಿಂತ ತುಸು ಮಿಗಿಲು. 2021ರಲ್ಲಿ ದುಬೈ ನಗರದ್ದು 250. ಇವು ಯಂತ್ರವಿದ್ಯೆಯ ಮಹಾಕಾರ್ಯಗಳೆಂಬುದರಲ್ಲಿ ಸಂಶಯವಿಲ್ಲ. ಲಂಡನ್ನಿನ ಚಕ್ರದಲ್ಲಿ ಬೈಸಿಕಲ್ಲಿನ ಗಾಲಿಯಂತೆ ಬಿಗಿದ ಉಕ್ಕಿನ ಹಗ್ಗಗಳೇ ಅರೆಕಾಲುಗಳು; ಜನ ಹತ್ತಲು ಇಳಿಯಲು ಅದನ್ನು ನಿಲ್ಲಿಸಬೇಕಾಗಿಯೇ ಇಲ್ಲ, ಅಷ್ಟು ನಿಧಾನವಾಗಿ ತಿರುಗುತ್ತದೆ. ಆದರೂ ಎತ್ತರವೊಂದೇ ರಕ್ಷೆಯಾಗಲಿಲ್ಲ. ಸಿಂಗಪುರದ ಚಕ್ರವು ತೆರೆದ ವರ್ಷದಲ್ಲಿಯೇ, ಡಿಸೆಂಬರ್ 23ರಂದು, ನಿಯಂತ್ರಣ ಕೊಠಡಿಯಲ್ಲಿ ಬೆಂಕಿ ಹತ್ತಿ ನಿಂತುಹೋಯಿತು. 173 ಜನ ಸುಮಾರು ಆರು ತಾಸು ಅಂತರಿಕ್ಷದಲ್ಲಿ ಸಿಕ್ಕಿಕೊಂಡರು. ಅಲ್ಲಿಯವರು ಒಂದು ತಿಂಗಳು ಚಕ್ರವನ್ನು ಮುಚ್ಚಿ, ಮುಖ್ಯ ಯಂತ್ರ ಕೆಟ್ಟಾಗ ಬದಲಿಗೆ ಬರುವ ಏರ್ಪಾಡುಗಳನ್ನು ಹೆಚ್ಚಿಸಿ, ಆಮೇಲೆಯೇ ತೆರೆದರು. ದುಬೈಯ ಚಕ್ರವೂ ಆರಂಭವಾದ ಕೆಲವೇ ತಿಂಗಳಲ್ಲಿ, 2022ರಲ್ಲಿ, ನಿಂತು 2024ರ ಕೊನೆಯವರೆಗೆ ಜನರಿಗೆ ದೊರೆಯಲಿಲ್ಲ. ಇವರೆಲ್ಲರಿಗಿಂತ ನಮಗೆ ವಿಯೆನ್ನಾ ನಗರದವರ ನಡತೆ ಆದರ್ಶಪ್ರಾಯವಾಗಿ ತೋರುತ್ತದೆ. ಅವರ ಚಕ್ರ 1897ರದು. ಯುದ್ಧದಲ್ಲಿ, 1944ರಲ್ಲಿ, ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಿದಾಗ ಹಿಂದಿದ್ದ 30 ಪೆಟ್ಟಿಗೆಗಳಿಗೆ ಬದಲು 15ನ್ನು ಮಾತ್ರ ತೂಗುಹಾಕಿದರು. ಅರ್ಧದಷ್ಟು ಆದಾಯವನ್ನು ಬಿಟ್ಟುಕೊಟ್ಟ ಆ ಚಕ್ರವು ಇಂದಿಗೂ ತಿರುಗುತ್ತಿದೆ.

ನಮ್ಮಲ್ಲಿಯೂ ಎತ್ತರದ ಹಂಬಲ ಬಂದಿದೆ. ಬೆಂಗಳೂರಿನಲ್ಲಿ 250 ಮೀಟರುಗಳ ವೀಕ್ಷಣ ಗೋಪುರವೊಂದನ್ನು ಕಟ್ಟಲು 2024ರಲ್ಲಿ ರಾಜ್ಯದ ಮಂತ್ರಿಮಂಡಲ ಒಪ್ಪಿಗೆಯಿತ್ತಿತು. ಅಂದಾಜು ವೆಚ್ಚ ಸುಮಾರು 500 ಕೋಟಿ ರೂಪಾಯಿ. ನಾವು ಇದನ್ನು ಕಣ್ಣುಮುಚ್ಚಿ ವಿರೋಧಿಸುವವರಲ್ಲ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಚಕ್ರಗಳನ್ನು ತಿರುಗಿಸಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿದ ನಾಡು ನಮ್ಮದು. ದೊಡ್ಡದನ್ನು ಕಲ್ಪಿಸಲು ಕನ್ನಡಿಗನಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಎತ್ತರವನ್ನೇ ಪ್ರತಿಷ್ಠೆಯೆಂದು ಬಗೆದರೆ ಏನಾಗುವುದೆಂಬುದಕ್ಕೆ ದೂರದ ಸಾಕ್ಷಿ ಬೇಡ. ಆನೇಕಲ್ ತಾಲ್ಲೂಕಿನ ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸುತ್ತಣ ಹಳ್ಳಿಗಳವರು ನೂರು ಅಡಿಗೂ ಮೀರಿದ ತೇರುಗಳನ್ನು ಎಳೆತರುವುದುಂಟು. 2024ರ ಏಪ್ರಿಲಿನಲ್ಲಿ ಒಂದು ತೇರು ಉರುಳಿತು, ದೈವಾನುಗ್ರಹದಿಂದ ಜೀವಹಾನಿಯಾಗಲಿಲ್ಲ. ಎಚ್ಚರಿಕೆ ಬಂದಿತ್ತು. ಮರುವರ್ಷ ಮಾರ್ಚಿಯಲ್ಲಿ ಮತ್ತೆ ತೇರು ಉರುಳಿತು, ಆಗ ಜೀವಹಾನಿಯಾಯಿತು. ಮೊದಲ ಬಾರಿ ತೇರು ಬಿದ್ದದ್ದನ್ನು ಅಪಘಾತವೆನ್ನಬಹುದು. ಎರಡನೆಯದನ್ನು ಏನೆನ್ನಬೇಕೋ ವಾಚಕರೇ ಹೇಳಲಿ.

ಗುಜರಾತಿನವರು ಈ ಪಾಠವನ್ನು ಬಹು ದುಬಾರಿ ಬೆಲೆಗೆ ಕಲಿತರು. ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ವಿನೋದೋದ್ಯಾನದಲ್ಲಿ 2019ರ ಜುಲೈ 14ರಂದು ಲೋಲಕದಂತೆ ತೂಗಾಡುವ ಯಂತ್ರವೊಂದು ಮುರಿದುಬಿದ್ದು ಇಬ್ಬರು ಸತ್ತರು, ಹಲವರು ಗಾಯಗೊಂಡರು. 2024ರ ಮೇ ತಿಂಗಳಿನಲ್ಲಿ ರಾಜಕೋಟೆಯ ಆಟದ ಮನೆಯೊಂದಕ್ಕೆ ಬೆಂಕಿ ಬಿದ್ದು ಇಪ್ಪತ್ತೈದಕ್ಕೂ ಹೆಚ್ಚು ಜನ, ಅವರಲ್ಲಿ ಮಕ್ಕಳೂ, ಬಲಿಯಾದರು. ಆ ಬಳಿಕವೇ ಅಲ್ಲಿನ ಸರ್ಕಾರ ಇಂಥ ಯಂತ್ರಗಳಿಗೂ ಆಟದ ಮನೆಗಳಿಗೂ ವಿಶೇಷ ನಿಯಮಾವಳಿಯನ್ನು ಹೊರಡಿಸಿತು. ಚಿತೆ ಆರಿದ ಮೇಲೆ ಕಾನೂನು ಬರೆಯುವ ಕ್ರಮವನ್ನು ಕರ್ಣಾಟಕವು ಅನುಸರಿಸಬಾರದೆಂಬುದೇ ನಮ್ಮ ಪ್ರಾರ್ಥನೆ.

ನಮ್ಮ ಅಧಿಕಾರಿವರ್ಗಕ್ಕೆ ಹೊಸ ವಿದ್ಯೆಯನ್ನೇನೂ ಕಲಿಯಬೇಕಾಗಿಲ್ಲ. ಕರ್ಣಾಟಕದಲ್ಲಿ ನಾಲ್ಕಂತಸ್ತಿನ ಕಟ್ಟಡದಲ್ಲಿ ಒಂದು ಲಿಫ್ಟನ್ನು ನಡೆಸಬೇಕಾದರೆ 2012ರ ಲಿಫ್ಟುಗಳ ಅಧಿನಿಯಮದ ಮೇರೆಗೆ ಪರವಾನಗಿ ಬೇಕು. ವಿದ್ಯುತ್ ಪರಿವೀಕ್ಷಕರು ಬಂದು ನೋಡಬೇಕು. ಅದೇ ನಾಲ್ಕಂತಸ್ತಿನ ಎತ್ತರಕ್ಕೆ, ಗೋಡೆಯ ಆಸರೆಯೂ ಇಲ್ಲದೆ, ಗಾಳಿಯಲ್ಲಿ ಮಕ್ಕಳನ್ನೆತ್ತುವ ಯಂತ್ರಕ್ಕೆ ಅಷ್ಟೇ ಎಚ್ಚರಿಕೆಯೂ ಬೇಡವೆ? ಸಾರ್ವಜನಿಕ ವಿನೋದಸ್ಥಳಗಳಿಗೆ ಪರವಾನಗಿಯ ಕಟ್ಟಳೆಗಳನ್ನು ವಿಧಿಸುವ ಅಧಿಕಾರ 1963ರ ಕರ್ಣಾಟಕ ಪೋಲೀಸು ಅಧಿನಿಯಮದಲ್ಲಿಯೇ ಉಂಟು. ವಿನೋದಯಂತ್ರಗಳ ಸುರಕ್ಷತೆಗೆ ಭಾರತೀಯ ಮಾನಕ ಸಂಸ್ಥೆಯವರು ಪ್ರಕಟಿಸಿದ ಕ್ರಮಗಳೂ ಉಂಟು. ಬೆಂಗಳೂರಿನ ಆಡಳಿತವು 2025ರಲ್ಲಿ ಐದು ನಗರಪಾಲಿಕೆಗಳಾಗಿ ವಿಂಗಡವಾದಾಗ ಕೆಲಸವು ಜನರಿಗೆ ಹತ್ತಿರವಾಗುವುದೆಂದು ಹೇಳಲಾಯಿತು. ಅದು ನಿಜವೆಂದು ತೋರಿಸಲು ಇದಕ್ಕಿಂತ ಸುಲಭವಾದ ಸಂದರ್ಭವಿಲ್ಲ.

ನಮ್ಮ ಸೂಚನೆಗಳು ಸರಳವಾದವು. ಒಂದನೆಯದು, ಚಕ್ರವನ್ನು ಕಟ್ಟಿ ನಿಲ್ಲಿಸಿದ ಮೇಲೆ, ಪ್ರತಿಯೊಂದು ಸ್ಥಳದಲ್ಲಿಯೂ ಹೊಸದಾಗಿ, ಯಂತ್ರಶಾಸ್ತ್ರವನ್ನು ಬಲ್ಲ ಇಂಜಿನಿಯರೊಬ್ಬರು ಅಚ್ಚು, ಬೆಸುಗೆ, ತೊಟ್ಟಿಲ ಕೀಲು, ಬಿರಿ, ನೆಲ ಇವಿಷ್ಟನ್ನೂ ಪರೀಕ್ಷಿಸಿ, ಮರಳಿನ ಚೀಲಗಳ ಭಾರವನ್ನಿಟ್ಟು ತಿರುಗಿಸಿ ನೋಡಬೇಕು. ಠಾಣೆಯ ಮೇಜಿನ ಮೇಲೆ ಹಾಕಿದ ಮೊಹರು ಪರೀಕ್ಷೆಯಾಗಲಾರದು. ಎರಡನೆಯದು, ಪರೀಕ್ಷಿಸಿದವರ ಹೆಸರು, ದಿನಾಂಕ, ಒಂದು ತೊಟ್ಟಿಲಿಗೆ ಎಷ್ಟು ಜನ ಎಂಬುದನ್ನು ದಪ್ಪಕ್ಷರದ ಕನ್ನಡದಲ್ಲಿ ಬರೆದು ಟಿಕೆಟ್ಟಿನ ಕಿಂಡಿಯ ಪಕ್ಕದಲ್ಲಿ ತೂಗುಹಾಕಬೇಕು. ಮೂರನೆಯದು, ಗಾಳಿಮಳೆ ಬಂದಾಗ ಚಕ್ರವನ್ನು ನಿಲ್ಲಿಸುವ ಅಧಿಕಾರ ಚಾಲಕನಿಗಿರಬೇಕು. ನಿಲ್ಲಿಸಿದ್ದಕ್ಕಾಗಿ ಅವನ ಕೂಲಿಯನ್ನು ಮಾಲೀಕನು ಹಿಡಿಯಕೂಡದು.

ಇಷ್ಟು ಹೇಳಿದ್ದರಿಂದ ಜಾತ್ರೆಯ ಚಕ್ರದವರ ಹೊಟ್ಟೆಯ ಮೇಲೆ ಹೊಡೆಯಬೇಕೆಂಬುದು ನಮ್ಮ ಅಭಿಪ್ರಾಯವೆಂದು ಯಾರೂ ತಿಳಿಯಬಾರದು. ಅವರು ಊರೂರು ಅಲೆದು, ಬಿಸಿಲಿನಲ್ಲಿ ಒಣಗಿ, ಮಳೆಯ ವರ್ಷ ಸಾಲ ಹೊತ್ತು ಬಾಳುವ ಜನ. ಅವಘಡವಾದ ಕೂಡಲೇ ಎಲ್ಲವನ್ನೂ ನಿಷೇಧಿಸಿ, ಗದ್ದಲ ತಣ್ಣಗಾದ ಮೇಲೆ ಎಲ್ಲವನ್ನೂ ಬಿಟ್ಟುಬಿಡುವ ಅಭ್ಯಾಸ ನಮ್ಮ ಕಚೇರಿಗಳಿಗೆ ಹೊಸದಲ್ಲ. ಅದರಿಂದ ಬಡವನಿಗೆ ಅನ್ನವೂ ಇಲ್ಲ, ಮಗುವಿಗೆ ರಕ್ಷೆಯೂ ಇಲ್ಲ. ಪರೀಕ್ಷೆಯ ಶುಲ್ಕವನ್ನು ಸರ್ಕಾರವೇ ಹೊರಲಿ. 500 ಕೋಟಿಯ ಗೋಪುರವನ್ನು ಕಲ್ಪಿಸಬಲ್ಲ ಬೊಕ್ಕಸಕ್ಕೆ ಅದು ಹೊರೆಯಾಗದು. ಲೋಹವನ್ನು ಬಲ್ಲ ಕೈಗಳಿಗೂ ನಮ್ಮ ಊರಿನಲ್ಲಿ ಬಡತನವಿಲ್ಲ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ಮೋಟಾರುಗಳ ಅಚ್ಚನ್ನೂ ಬೇರಿಂಗನ್ನೂ ದಿನವಿಡೀ ತಿರುವಿಹಾಕುವ ಮೇಸ್ತ್ರಿಗಳನ್ನು ಕೇಳಿದರೆ, ಸವೆದದ್ದು ಯಾವುದು ಸವೆಯದ್ದು ಯಾವುದೆಂದು ಕೈಯಲ್ಲಿ ಹಿಡಿದೇ ಹೇಳಿಯಾರು. ಅಂಥವರಿಗೆ ಕ್ರಮವಾದ ಶಿಕ್ಷಣವನ್ನಿತ್ತು ಇಂಜಿನಿಯರುಗಳ ಕೈಕೆಳಗೆ ನೇಮಿಸಿಕೊಂಡರೆ ನಾಡಿಗೆ ಉಪಕಾರವಾದೀತು.

ಸುರಂಗ ಕೊರೆದ ಚಕ್ರಕ್ಕೆ ಹೆಸರಿಟ್ಟು, ಹೂಹಾರ ಹಾಕಿ, ಕಾವಲಿಟ್ಟು ನಡೆಸಿಕೊಂಡ ಊರು ನಮ್ಮದು. ಆ ಕೆಲಸದಲ್ಲಿ ನಮ್ಮವರು ತೋರಿಸಿದ ಜಾಗರೂಕತೆಯಲ್ಲಿ ಹತ್ತರಲ್ಲೊಂದು ಪಾಲು ಜಾತ್ರೆಯ ತೊಟ್ಟಿಲಿಗೆ ದೊರೆತರೂ ಸಾಕು. ಮುಂದಿನ ಕಾರ್ತಿಕದ ಪರಿಷೆಗೆ ಮುಂಚೆಯೇ ಪೋಲೀಸು ಕಮೀಷನರವರೂ ನಗರಪಾಲಿಕೆಗಳ ಆಯುಕ್ತರೂ ಕೂಡಿ ಕುಳಿತು ಈ ವಿಷಯವನ್ನು ನಿಷ್ಕರ್ಷೆ ಮಾಡುವರೆಂದು ನಂಬುತ್ತೇವೆ. ಮೇಲೇರಿದ ಮಗು ನಗುತ್ತಲೇ ಕೆಳಗಿಳಿದು ತಾಯಿಯ ಕೈ ಹಿಡಿಯಬೇಕು. ಅದಕ್ಕೆ ಉತ್ತರವಾದಿಯಾದ ಒಬ್ಬ ಅಧಿಕಾರಿಯ ಹೆಸರು ಆ ಚಕ್ರದ ಬುಡದಲ್ಲಿ ಬರೆದಿರಬೇಕು.