ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಆರೋಗ್ಯ ಹಾಗೂ ಆರೈಕೆ ಸಹಭಾಗಿತ್ವಕ್ಕೆ ಹೊಣೆಯುಳ್ಳ ಆಡಳಿತ ವ್ಯವಸ್ಥೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ್, ಬೆಳಗಾವಿ

ಇವರ ಮೂಲಕ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಬೆಳಗಾವಿ

ಇವರಿಂದ,
ನಿಡಸೋಸಿ ಹಾಗೂ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ನಾಗರಿಕರು

ವಿಷಯ: ತಾಲ್ಲೂಕು ಮಟ್ಟದಲ್ಲಿ ಆರೋಗ್ಯ ಮತ್ತು ಆರೈಕೆ ಮಂಡಳಿಗಳನ್ನು ರಚಿಸಿ, ಹಣ, ಅಧಿಕಾರ ಮತ್ತು ಉತ್ತರದಾಯಿತ್ವವನ್ನು ಅವುಗಳಿಗೆ ಒಟ್ಟಾಗಿ ವಹಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮನವಿದಾರರು ವಿನಂತಿಸಿಕೊಳ್ಳುವುದೇನೆಂದರೆ, ಈ ಮೂರೂ ತಾಲ್ಲೂಕುಗಳಲ್ಲಿ ಆರೋಗ್ಯದ ಹೆಸರಿನಲ್ಲಿ ಸಮಿತಿಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು, ಇಡೀ ಸೇವೆಗೆ ತಾನೇ ಹೊಣೆ ಎಂದು ಜನರೆದುರು ನಿಂತು ಹೇಳಬಲ್ಲ ಒಂದು ಸಂಸ್ಥೆಯದು. ಈ ಮನವಿಯಲ್ಲಿ ‘ಆರೈಕೆ’ ಎಂದರೆ ಔಷಧೋಪಚಾರದ ಆಚೆಗೆ ಹಾಸಿಗೆ ಹಿಡಿದವರಿಗೆ, ವೃದ್ಧರಿಗೆ, ಅಂಗವಿಕಲರಿಗೆ ಮತ್ತು ಬಾಣಂತಿಯರಿಗೆ ಮನೆಯಲ್ಲಿಯೇ ದೊರೆಯಬೇಕಾದ ನೆರವು. ‘ಸಹಭಾಗಿತ್ವ’ ಎಂದರೆ ಬೇರೆ ಬೇರೆ ಇಲಾಖೆಗಳು, ಪಂಚಾಯತಿಗಳು, ಸಹಕಾರಿ ಮತ್ತು ಸೇವಾ ಸಂಸ್ಥೆಗಳು ಆ ನೆರವನ್ನು ಕೂಡಿ ಒದಗಿಸುವುದು. ‘ಆಡಳಿತ ವ್ಯವಸ್ಥೆ’ ಎಂದರೆ ಆ ಕೂಟದಲ್ಲಿ ತೀರ್ಮಾನ ಯಾರದು, ಹಣ ಯಾರ ಕೈಯಲ್ಲಿ, ಲೆಕ್ಕ ಯಾರಿಗೆ ಎಂಬುದರ ನಿಷ್ಕರ್ಷೆ.

ಇಂದಿನ ಸ್ಥಿತಿ

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಮೇಲೆ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳು, ಹಳ್ಳಿಗಳಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗಳು ಬಂದವು. ಮುಂದೆ, ಇಂದು ಆಯುಷ್ಮಾನ್ ಆರೋಗ್ಯ ಮಂದಿರಗಳೆನಿಸಿಕೊಂಡಿರುವ ಉಪಕೇಂದ್ರಗಳಿಗೆ ಜನ ಆರೋಗ್ಯ ಸಮಿತಿಗಳು ಸೇರಿಕೊಂಡವು. ಪ್ರತಿಯೊಂದಕ್ಕೂ ಬೇರೆ ಖಾತೆ, ಬೇರೆ ನಡಾವಳಿ ಪುಸ್ತಕ, ಬೇರೆ ಸದಸ್ಯಪಟ್ಟಿ ಇದ್ದರೂ, ಒಂದರ ತೀರ್ಮಾನ ಇನ್ನೊಂದನ್ನು ಕಟ್ಟಿಹಾಕುವುದಿಲ್ಲ. ಹಳ್ಳಿಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿ, ಅಂದರೆ ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ವೆಚ್ಚ ಮಾಡಬಹುದಾದ ಹಣ ನಿಗದಿಯಾಗಿದ್ದರೂ, ಅದರಿಂದ ಆಗದ ಕೆಲಸವನ್ನು ಯಾರ ಮುಂದೆ ಇಡಬೇಕೆಂಬುದು ಸಮಿತಿಗೆ ತಿಳಿಯದು.

ಇದರ ಪರಿಣಾಮವನ್ನು ಒಂದು ಮನೆಯ ಬಾಗಿಲಲ್ಲಿ ನಿಂತು ನೋಡಬಹುದು. ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದ ವೃದ್ಧರೊಬ್ಬರು ಪಡಸಾಲೆಯ ಮಂಚದ ಮೇಲಿದ್ದಾರೆ ಎಂದಿಟ್ಟುಕೊಂಡರೆ, ಅವರ ರಕ್ತದೊತ್ತಡದ ಗುಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಬರಬೇಕು. ಕೈಕಾಲಿನ ವ್ಯಾಯಾಮ ಕಲಿಸುವವರನ್ನು ಕಾಣಲು ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಗಾಲಿಕುರ್ಚಿಯ ಅರ್ಜಿಗೆ ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಬೇಕು. ಸಂಧ್ಯಾ ಸುರಕ್ಷಾ ಪಿಂಚಣಿಗೆ ನಾಡಕಚೇರಿಯ ಮೆಟ್ಟಿಲು ಹತ್ತಬೇಕು. ಬೆನ್ನಿನ ಮೇಲೆ ಏಳುವ ಹಾಸಿಗೆಹುಣ್ಣನ್ನು ತೊಳೆದು ಕಟ್ಟುವ ಕೆಲಸ ಮಾತ್ರ ಯಾವ ಇಲಾಖೆಯ ಪಟ್ಟಿಯಲ್ಲಿಯೂ ನೆಲೆ ನಿಲ್ಲದೆ ಸೊಸೆಯ ಪಾಲಿಗೇ ಉಳಿಯುತ್ತದೆ. ಆಶಾ ಕಾರ್ಯಕರ್ತೆ ಇದೆಲ್ಲವನ್ನೂ ಕಣ್ಣಾರೆ ಕಂಡು ಬರೆದುಕೊಂಡರೂ, ಆ ಬರಹ ಹೋಗಿ ಮುಟ್ಟುವುದು ಒಂದೇ ಇಲಾಖೆಯನ್ನು. ಪ್ರತಿ ಇಲಾಖೆಯೂ ತನ್ನ ಪಾಲಿನ ಕೆಲಸ ಮಾಡಿದ್ದೇನೆಂದು ಸಾಚಾ ಲೆಕ್ಕ ಒಪ್ಪಿಸಬಹುದು, ಆದರೆ ಮಂಚದ ಮೇಲಿರುವವರಿಗೆ ಆರೈಕೆ ಸಿಕ್ಕಿರುವುದಿಲ್ಲ.

ನಾಡಿನ ಅನುಭವ

ಕೂಡಿ ನಡೆಸುವ ಪದ್ಧತಿ ಈ ಸೀಮೆಗೆ ಹೊಸದಲ್ಲ. 1929ರಲ್ಲಿ ಡಾ. ಜಿ.ಆರ್. ಕೊಕಟನೂರ ಮತ್ತು ಡಾ. ಎಂ.ಕೆ. ವೈದ್ಯ ಅವರು ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಕಟ್ಟಿದರು. ಅದೇ ಊರಿನಲ್ಲಿ ಜೆ.ಜಿ. ಸಹಕಾರಿ ಆಸ್ಪತ್ರೆ ಬೆಳೆಯಿತು; 1969ರಲ್ಲಿ ದೇಶದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಒಂದಾಗಿ ಹುಕ್ಕೇರಿಯ ಸಂಘ ಹುಟ್ಟಿ, ಇಂದಿಗೂ ಮನೆಮನೆಗೆ ವಿದ್ಯುತ್ ಹಂಚುತ್ತಿದೆ. ಘಟಪ್ರಭಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯಲ್ಲಿ ಮಾಜಿ ದೇವದಾಸಿಯರೇ ಸಂಘಟಿತರಾಗಿದ್ದಾರೆ. ನಿಡಸೋಸಿಯ ಶ್ರೀ ದುರದುಂಡೀಶ್ವರ ಸಿದ್ಧ ಸಂಸ್ಥಾನ ಮಠದ ಸುತ್ತ ದಾಸೋಹ ಮತ್ತು ವಿದ್ಯೆಯ ಪರಂಪರೆಯಿದೆ. ಹಾಲು ಉತ್ಪಾದಕರ ಸಂಘದಲ್ಲಿ ಅರ್ಧ ಲೀಟರ್ ಹಾಲು ಹಾಕಿದವರ ಚೀಟಿಯಲ್ಲಿಯೂ ಅಳತೆ ಮತ್ತು ಫ್ಯಾಟ್ ನಮೂದಾಗುತ್ತದೆ, ತಪ್ಪಿದ್ದರೆ ಮಹಾಸಭೆಯಲ್ಲಿ ಎದ್ದು ಕೇಳುವ ಹಕ್ಕು ಅವರಿಗಿದೆ. ಹಾಲಿಗಿರುವ ಈ ಲೆಕ್ಕ ಆರೈಕೆಗೂ ಇರಲೆಂಬುದೇ ಮನವಿದಾರರ ಆಶಯ.

ಮಾದರಿಗಳ ವಿವೇಚನೆ

ಸಹಭಾಗಿತ್ವವನ್ನು ಕಟ್ಟುವ ದಾರಿಗಳು ಹಲವು. ಸರ್ಕಾರಿ ಆದೇಶದಿಂದ ಹುಟ್ಟುವ ಸಲಹಾ ಸಮಿತಿಯನ್ನು ರಚಿಸುವುದು ಸುಲಭ, ಆದರೆ ಅಧಿಕಾರಿಯ ವರ್ಗಾವಣೆಯೊಂದಿಗೆ ಅದರ ಉಸಿರೂ ನಿಲ್ಲುತ್ತದೆ. ಒಂದೇ ಇಲಾಖೆಗೆ ನೇತೃತ್ವ ಕೊಟ್ಟರೆ ಹೊಣೆ ಸ್ಪಷ್ಟವಾಗುತ್ತದೆ, ಉಳಿದ ಇಲಾಖೆಗಳು ಕೈಕಟ್ಟಿ ಕೂರುವ ಅಪಾಯವಿದೆ. 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕರುಣಾ ಟ್ರಸ್ಟಿಗೆ ವಹಿಸಿದಂತೆ ಸೇವಾ ಸಂಸ್ಥೆಗೆ ಒಪ್ಪಂದದ ಮೇಲೆ ಕೊಡುವುದು ಮೂರನೆಯ ದಾರಿ; ಅದು ಆ ಸಂಸ್ಥೆಯ ನಿಷ್ಠೆಯನ್ನು ನೆಚ್ಚಿಕೊಂಡದ್ದು. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ಸಂಘ ಕಟ್ಟಿದರೆ ಬ್ಯಾಂಕ್ ಖಾತೆ ಹಾಗೂ ಆಸ್ತಿ ಹೊಂದಲು ಅನುಕೂಲ, ಆದರೆ ಸದಸ್ಯತ್ವ ಕೆಲವರ ಕೈಯಲ್ಲಿ ಮುಚ್ಚಿಹೋಗಬಹುದು. 1959ರ ಸಹಕಾರ ಸಂಘಗಳ ಅಧಿನಿಯಮದಡಿ ಸದಸ್ಯರೇ ಒಡೆಯರು, ಆದರೆ ಷೇರು ಹಣ ಕಟ್ಟಲಾಗದ ಕೂಲಿಕಾರರು ಹೊರಗುಳಿಯುತ್ತಾರೆ.

ಹೊರನಾಡುಗಳೂ ಈ ಆಯ್ಕೆಯನ್ನು ಎದುರಿಸಿವೆ. ಸ್ಕಾಟ್ಲೆಂಡಿನ 2014ರ ಕಾನೂನು ಸ್ಥಳೀಯ ಪರಿಷತ್ತು ಹಾಗೂ ಆರೋಗ್ಯ ಮಂಡಳಿಗಳಿಗೆ ಎರಡು ಮಾದರಿಗಳನ್ನು ಕೊಟ್ಟಿತು: ಒಂದು ಸಂಸ್ಥೆಗೆ ನೇತೃತ್ವ, ಇಲ್ಲವೇ ಎರಡೂ ಸೇರಿ ಕಟ್ಟುವ ಜಂಟಿ ಮಂಡಳಿ. ಹೈಲ್ಯಾಂಡ್ ಪ್ರದೇಶವೊಂದನ್ನು ಬಿಟ್ಟು ಉಳಿದೆಲ್ಲವೂ ಜಂಟಿ ಮಂಡಳಿಯನ್ನೇ ಆರಿಸಿಕೊಂಡವು. ಹತ್ತಿರದ ಕೇರಳದಲ್ಲಿ 2008ರ ಉಪಶಾಮಕ ಆರೈಕೆ ನೀತಿ, ಅಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯ ನೀತಿ, ಮನೆ ಭೇಟಿಯ ಹೊಣೆಯಲ್ಲಿ ಪಂಚಾಯತಿಗಳನ್ನು ಪಾಲುದಾರರನ್ನಾಗಿಸಿತು.

ಇವೆಲ್ಲವನ್ನೂ ತೂಗಿ ನೋಡಿದಾಗ, ಗ್ರಾಮ ಪಂಚಾಯತಿಗಳನ್ನು ಆಧಾರವಾಗಿಸಿಕೊಂಡ ಜಂಟಿ ಮಂಡಳಿಯೇ ಇಲ್ಲಿಗೆ ತಕ್ಕದ್ದು. ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಷೇರು ಕೊಳ್ಳದೆಯೇ ಗ್ರಾಮ ಸಭೆಯ ಸದಸ್ಯರಾಗಿದ್ದು, ಸಂವಿಧಾನದ 11ನೆಯ ಅನುಸೂಚಿಯು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಔಷಧಾಲಯಗಳನ್ನು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿದೆ. 15ನೆಯ ಹಣಕಾಸು ಆಯೋಗವು 2021-26ರ ಅವಧಿಗೆ ಸ್ಥಳೀಯ ಸಂಸ್ಥೆಗಳ ಹೆಸರಿನಲ್ಲಿಯೇ 70,051 ಕೋಟಿ ರೂಪಾಯಿಯ ಆರೋಗ್ಯ ಅನುದಾನವನ್ನು ಶಿಫಾರಸು ಮಾಡಿತ್ತು. ಜಿಲ್ಲಾ ಹಾಗೂ ತಾಲ್ಲೂಕು ಪಂಚಾಯತ್‌ಗಳ ಚುನಾಯಿತ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆ ನಡೆಯದಿದ್ದ ಅನುಭವವೂ ಒಂದು ಪಾಠ ಕಲಿಸಿದೆ: ಮೇಲಿನ ಹಂತದ ಸದಸ್ಯರನ್ನಷ್ಟೇ ನೆಚ್ಚಿದ ಮಂಡಳಿಯ ಕುರ್ಚಿಗಳು ಖಾಲಿ ಉಳಿಯುತ್ತವೆ.

ಬೇಡಿಕೆಗಳು

1. ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿಗೆ ಒಂದೊಂದು ತಾಲ್ಲೂಕು ಆರೋಗ್ಯ ಮತ್ತು ಆರೈಕೆ ಮಂಡಳಿಯನ್ನು ರಚಿಸಲು ರಾಜ್ಯ ಸರ್ಕಾರಕ್ಕೆ ಪ್ರಸ್ತಾವನೆ ಸಲ್ಲಿಸಬೇಕು. ಗೋಕಾಕದಿಂದ ಬೇರ್ಪಟ್ಟ ಮೂಡಲಗಿಯನ್ನು ಹಳೆಯ ತಾಲ್ಲೂಕಿನ ಬಾಲವಾಗಿ ಉಳಿಸದೆ ಸ್ವತಂತ್ರ ಮಂಡಳಿ ಕೊಡಬೇಕು.

2. ಮಂಡಳಿಯ ಅರ್ಧದಷ್ಟು ಸ್ಥಾನಗಳನ್ನು ಗ್ರಾಮ ಪಂಚಾಯತಿಗಳ ಹಾಗೂ ಪಟ್ಟಣ ಸ್ಥಳೀಯ ಸಂಸ್ಥೆಗಳ ಚುನಾಯಿತರು ತಮ್ಮೊಳಗಿಂದಲೇ ಆರಿಸಬೇಕು. ಉಳಿದವುಗಳಲ್ಲಿ ಆರೋಗ್ಯ, ಮಹಿಳಾ ಮತ್ತು ಮಕ್ಕಳ, ಅಂಗವಿಕಲರ ಹಾಗೂ ಕಂದಾಯ ಇಲಾಖೆಗಳ ಅಧಿಕಾರಿಗಳ ಜೊತೆಗೆ ಆಶಾ ಕಾರ್ಯಕರ್ತೆಯರು, ಮನೆಯಲ್ಲಿ ಆರೈಕೆ ಮಾಡುವವರು, ಅಂಗವಿಕಲರು ಮತ್ತು ಮಾಜಿ ದೇವದಾಸಿಯರು ಮತದ ಹಕ್ಕಿನೊಂದಿಗೆ ಕೂರಬೇಕು.

3. ಕಬ್ಬು ಕಟಾವಿಗೆ ಬೇರೆಡೆಯಿಂದ ಬಂದು ಗದ್ದೆಯಂಚಿನ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಇರುವ ಕೂಲಿಕಾರರು ಇಲ್ಲಿನ ಮತದಾರರ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ, ಹಂಗಾಮಿನಲ್ಲಿ ಅವರ ಗರ್ಭಿಣಿಯರು ಹಾಗೂ ಮಕ್ಕಳ ಸೇವೆಯನ್ನು ಮಂಡಳಿಯ ಲಿಖಿತ ಕರ್ತವ್ಯವನ್ನಾಗಿ ಮಾಡಬೇಕು.

4. ಚದುರಿರುವ ಮುಕ್ತ ನಿಧಿ ಹಾಗೂ ಅನುದಾನಗಳನ್ನು, ಅವುಗಳ ಮೂಲ ನಿಯಮಗಳಿಗೆ ಭಂಗ ಬಾರದಂತೆ, ಒಂದೇ ತಾಲ್ಲೂಕು ಯೋಜನೆಯಡಿ ತರಬೇಕು.

5. ಸಹಕಾರಿ ಆಸ್ಪತ್ರೆ, ಖಾಸಗಿ ಆಸ್ಪತ್ರೆ, ಮಠ ಮತ್ತು ಸೇವಾ ಸಂಸ್ಥೆಗಳು ಪಾಲುದಾರರಾಗಿರಲಿ. ಆದರೆ ತಮಗೆ ಹಣ ಸಲ್ಲುವ ವಿಷಯ ಬಂದಾಗ ಅವುಗಳ ಪ್ರತಿನಿಧಿಗಳು ಮತ ಹಾಕದೆ ಸಭೆಯಿಂದ ಹೊರಗುಳಿಯಬೇಕು.

6. ಗ್ರಾಮ ಪಂಚಾಯತಿಗಳ ಲೆಕ್ಕಕ್ಕೆ ವರ್ಷವರ್ಷ ಜಮಾಬಂದಿ, ಅಂದರೆ ಜನರೆದುರಿನ ಕಾಗದಪತ್ರ ಹಾಗೂ ಕಾಮಗಾರಿಗಳ ತಪಾಸಣೆ ನಡೆಯುವಂತೆ, ‘ಆರೋಗ್ಯ ಜಮಾಬಂದಿ’ಯೂ ನಡೆದು, ಬಂದ ಹಣ, ಖಾಲಿ ಹುದ್ದೆ, ಔಷಧ ದಾಸ್ತಾನು ಹಾಗೂ ಮನೆ ಭೇಟಿಗಳ ಲೆಕ್ಕವನ್ನು ಗ್ರಾಮ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು.

7. 2019ರ ಆಗಸ್ಟಿನಲ್ಲಿ ಘಟಪ್ರಭಾ ಉಕ್ಕಿ ಗೋಕಾಕದ ಲೋಳಸೂರ ಸೇತುವೆ ಮುಳುಗಿದಾಗ ಕಂಡಂತೆ, ನದಿಗೆ ತಾಲ್ಲೂಕಿನ ಗಡಿಯಿಲ್ಲ. ಆದ್ದರಿಂದ ನೆರೆಯ ಸಮಯಕ್ಕೂ, ಗಡಹಿಂಗ್ಲಜ, ಮಿರಜ ಹಾಗೂ ಕೊಲ್ಲಾಪುರಗಳ ಆಸ್ಪತ್ರೆಗಳಿಗೆ ಹೋಗಿಬರುವ ರೋಗಿಗಳ ಮುಂದಿನ ಆರೈಕೆಗೂ ಮೂರು ಮಂಡಳಿಗಳ ಸಮನ್ವಯ ಸಭೆ ಇರಬೇಕು.

8. ಹಾಸಿಗೆ ಹಿಡಿದ ಪ್ರತಿಯೊಬ್ಬರಿಗೂ ಒಂದೇ ಆರೈಕೆ ಪುಸ್ತಕ ಹಾಗೂ ಹೆಸರಿಸಲಾದ ಒಬ್ಬ ಹೊಣೆಗಾರ ಸಿಬ್ಬಂದಿಯನ್ನು ಗೊತ್ತುಪಡಿಸಬೇಕು.

ಈ ಎಂಟು ಬೇಡಿಕೆಗಳಲ್ಲಿ ಯಾವುದೂ ಹೊಸ ಕಟ್ಟಡವನ್ನು ಕೇಳುವುದಿಲ್ಲ. ಇರುವ ಹಣಕ್ಕೆ ಒಬ್ಬ ಲೆಕ್ಕಿಗರನ್ನು, ಇರುವ ಕೆಲಸಕ್ಕೆ ಒಬ್ಬ ಹೊಣೆಗಾರರನ್ನು ಕೇಳುತ್ತವೆ. ಮಂಚದ ಮೇಲಿರುವ ವೃದ್ಧರ ಬೆನ್ನಿನ ಹುಣ್ಣನ್ನು ಈ ವಾರ ಯಾರು ಕಟ್ಟಿದರು ಎಂದು ಸೊಸೆ ಗ್ರಾಮ ಸಭೆಯಲ್ಲಿ ಎದ್ದು ಕೇಳಿದರೆ, ಅಲ್ಲಿಯೇ ಪುಸ್ತಕ ತೆರೆದು ಉತ್ತರ ಹೇಳುವವರೊಬ್ಬರು ಇರುವಂತಾಗಬೇಕು. ಆದ್ದರಿಂದ ಮಾನ್ಯರು ಮೂರೂ ತಾಲ್ಲೂಕುಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿ, ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಮನವಿದಾರರು ಗೌರವಪೂರ್ವಕವಾಗಿ ಕೋರುತ್ತಾರೆ.

ಇಂತಿ ವಿಶ್ವಾಸಿಗಳು,
ನಿಡಸೋಸಿ ಹಾಗೂ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ನಾಗರಿಕರು

ಸ್ಥಳ: ನಿಡಸೋಸಿ

ಪ್ರತಿ: ಮೂರೂ ತಾಲ್ಲೂಕುಗಳ ತಾಲ್ಲೂಕು ಆರೋಗ್ಯಾಧಿಕಾರಿಗಳು, ತಾಲ್ಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿಗಳು ಮತ್ತು ತಹಶೀಲ್ದಾರರಿಗೆ ಮಾಹಿತಿಗಾಗಿ.