ಊರ ಉಸಾಬರಿ ಯಾರಿಗೆ?

"ನಿನಗ್ಯಾಕ ಬೇಕೋ ಊರ ಉಸಾಬರಿ? ಸುಮ್ನ ಕುಂದ್ರು."

ನಮ್ಮ ರಾಣೆಬೆನ್ನೂರು ಕಡೆ ಬೆಳೆದವರು ಈ ಮಾತು ಕೇಳದೇ ದೊಡ್ಡವರಾಗಿರಲಿಕ್ಕಿಲ್ಲ. ತಮಾಷೆ ಅಂದರೆ ಕೋರ್ಟುಗಳೂ ಬಹಳ ಕಾಲ ಇದನ್ನೇ ಹೇಳುತ್ತಿದ್ದವು, ಸ್ವಲ್ಪ ಗಂಭೀರವಾದ ಭಾಷೆಯಲ್ಲಿ ಅಷ್ಟೆ. ನಿನ್ನ ಹೊಲಕ್ಕೆ ನೀರು ನುಗ್ಗಿತೇ? ನಿನ್ನ ಸಂಬಳ ನಿಂತಿತೇ? ಹಾಗಿದ್ದರೆ ಬಾ. ಇಲ್ಲದಿದ್ದರೆ ಕೇಳಲು ನೀನ್ಯಾರು? ಕೇಸು ಹಾಕುವ ಈ ಅರ್ಹತೆಗೆ ವಕೀಲರು 'ಲೋಕಸ್ ಸ್ಟ್ಯಾಂಡೈ' ಅನ್ನುತ್ತಾರೆ.

ಖಾಸಗಿ ಜಗಳಕ್ಕೆ ಈ ನಿಯಮ ಸರಿಯೇ. ಪಕ್ಕದ ಮನೆಯವರ ಆಸ್ತಿ ಪಾಲಿನ ಬಗ್ಗೆ ನಾನು ದಾವೆ ಹೂಡಿದರೆ ಅವರೇ ನನ್ನನ್ನು ಓಡಿಸಿಯಾರು :-) ಆದರೆ ಎಲ್ಲರದ್ದೂ ಆಗಿ, ಯಾರ ಹೆಸರಿನಲ್ಲೂ ಇಲ್ಲದ್ದು ಕೈಬಿಟ್ಟು ಹೋದಾಗ?

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಉದಾಹರಣೆ ಇದೆ. 1984ರಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮವೂ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸೂ ಸೇರಿ 'ಕರ್ನಾಟಕ ಪಲ್ಪ್‌ವುಡ್ಸ್' ಎಂಬ ಕಂಪನಿ ಮಾಡಿದವು. ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ 'ಸಿ' ಮತ್ತು 'ಡಿ' ದರ್ಜೆಯ ಭೂಮಿ ಅದರ ಪಾಲಾಗುವುದಿತ್ತು. ಜನ ದನ ಮೇಯಿಸುತ್ತಿದ್ದ, ಕಟ್ಟಿಗೆ ತರುತ್ತಿದ್ದ ಜಾಗ. ಆದರೆ ಕಾಗದದ ಮೇಲೆ ಜಮೀನು ಸರ್ಕಾರದ್ದು, ಕೊಟ್ಟಿದ್ದೂ ಸರ್ಕಾರ. ದನ ಮೇಯಿಸುವವನ ಹೆಸರು ಪಹಣಿಯಲ್ಲಿ ಎಲ್ಲಿಂದ ಬರಬೇಕು? ಹಳೆಯ ಲೆಕ್ಕದಲ್ಲಿ ಅವನಿಗೆ ನಷ್ಟವೇ ಆಗಿಲ್ಲ!

ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. ಕರಾವಳಿಯ ಕಾರಂತರಿಗೂ ಹಾನಗಲ್ಲಿನ ಗೋಮಾಳಕ್ಕೂ ಏನು ಸಂಬಂಧ ಅಂತ ಕೇಳಬಹುದಿತ್ತು. ಆ ಪ್ರಶ್ನೆಗೆ ಅಷ್ಟರಲ್ಲಿ ಉತ್ತರ ಸಿಕ್ಕಿತ್ತು. 1981ರ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ನ್ಯಾಯಮೂರ್ತಿ ಭಗವತಿಯವರು, ಬಡತನದಿಂದಲೋ ಅಸಹಾಯಕತೆಯಿಂದಲೋ ಕೋರ್ಟಿಗೆ ಬರಲಾರದವರ ಪರವಾಗಿ ಸದುದ್ದೇಶವುಳ್ಳ ಯಾರು ಬೇಕಾದರೂ ಬರಬಹುದು ಎಂದಿದ್ದರು. (ನ್ಯಾಯಾಧೀಶರ ನೇಮಕ, ವರ್ಗಾವಣೆ ಬಗ್ಗೆ ವಕೀಲರು ಹಾಕಿದ ಕೇಸಿನಲ್ಲಿ ದನಗಾಹಿಗೆ ಬಾಗಿಲು ತೆರೆಯಿತು, ನೋಡಿ.) 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಬಂತು. ಆದರೆ ಜನ ಕೋರ್ಟನ್ನೇ ನಂಬಿ ಕೂರಲಿಲ್ಲ. ಅದೇ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಮಾಡಿ, ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಕಂಪನಿ ಮುಚ್ಚಿತು.

ನನಗೆ ಮುಖ್ಯ ಅನ್ನಿಸುವುದು ಈ ಜೋಡಿ. ಊರವರಿಲ್ಲದೆ ಬರೀ ಅರ್ಜಿದಾರರಿದ್ದರೆ, ಇನ್ನೊಬ್ಬರ ಪರವಾಗಿ ಮಾತಾಡುವುದು ಇನ್ನೊಬ್ಬರ ಬಾಯಿ ಮುಚ್ಚಿಸುವುದೂ ಆಗಬಹುದು.

ಪ್ರಚಾರಕ್ಕೆ, ಬ್ಲ್ಯಾಕ್‌ಮೇಲಿಗೆ ಕೇಸು ಹಾಕುವವರೂ ಇದ್ದಾರೆ, ನಿಜ. ಅದಕ್ಕೇ 2010ರಲ್ಲಿ ಸುಪ್ರೀಂ ಕೋರ್ಟು, ಅರ್ಜಿದಾರನ ಹಿನ್ನೆಲೆಯನ್ನೂ ಅರ್ಜಿಯ ಸತ್ಯಾಂಶವನ್ನೂ ಮೊದಲು ಪರೀಕ್ಷಿಸಿ ಎಂದು ಹೇಳಿತು. ಎರಡನೆಯದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಮೊದಲನೆಯದರ ಬಗ್ಗೆ ಅಳುಕು. ನಮ್ಮ ಕೆಲಸದಲ್ಲಿ ಬಗ್ ತೋರಿಸಿಕೊಟ್ಟವನ ಜಾತಕ ನೋಡುವುದಿಲ್ಲ, ಬಗ್ ಇದೆಯೋ ಇಲ್ಲವೋ ನೋಡುತ್ತೇವೆ. ಕಾರಂತರ ಹಿನ್ನೆಲೆ ಯಾರು ಕೇಳುತ್ತಾರೆ? ಹತ್ತನೇ ಕ್ಲಾಸು ಫೇಲಾದ ದನಗಾಹಿಯದ್ದನ್ನು ಕೇಳುತ್ತಾರೆ.

ಅಂದಹಾಗೆ, ಎಲ್ಲಕ್ಕೂ ದಿಲ್ಲಿಗೇ ಹೋಗಬೇಕಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಕಲಂ ಓದಿ. ಸಾರ್ವಜನಿಕ ಉಪದ್ರವದ ವಿರುದ್ಧ ಇಬ್ಬರು ಸೇರಿ, ಕೋರ್ಟಿನ ಅನುಮತಿ ಪಡೆದು, ಹತ್ತಿರದ ಸಿವಿಲ್ ಕೋರ್ಟಿನಲ್ಲೇ ದಾವೆ ಹೂಡಬಹುದು. ತಮಗೇ ವಿಶೇಷ ನಷ್ಟವಾಗಿದೆ ಎಂದು ತೋರಿಸಬೇಕಾಗಿಲ್ಲ. 1976ರ ತಿದ್ದುಪಡಿಗೆ ಮುಂಚೆ ಇದಕ್ಕೆ ಅಡ್ವೊಕೇಟ್ ಜನರಲ್ ಅವರ ಲಿಖಿತ ಒಪ್ಪಿಗೆ ಬೇಕಿತ್ತು. ಈಗ ಬೇಕಿರುವುದು ಉಸಾಬರಿ ಮಾಡುವ ಇನ್ನೊಬ್ಬರು.