ಶಾಯಿ ಬಾಟ್ಲಿ ಚಂದ ಕಾಣಲಿ, ಬೆರಳು ಯಾಕ ಸುಡಬೇಕು?

1/9
“ಐದೇ ನಿಮಿಷ, ಮಕ್ಕಳೂ ಮಾಡಬಹುದು, ಮನಿಯೊಳಗ ಕುಂತು ಗಳಿಕೆ.” ಹಳೇ ಶಾಯಿ ಬಾಟ್ಲಿ ಮೇಲೆ ಬಿಳಿ ಕ್ರೀಮ್ ಹಚ್ಚಿ, ತೊಳೆದು, ಮಂಜು ಕವಿದಂಥ ಹೂವು ತೋರಿಸೋ ರೀಲ್ ನಿಮ್ಮ ಫೀಡಿಗೂ ಬಂದಿರಬೇಕು. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ಎಲ್ಲಾ ಕಡೆಯ ಗೆಳತ್ಯಾರು, ಅಕ್ಕಾರು ಇದನ್ನ ನನಗ ಕಳಿಸ್ಯಾರ. “ಮಾಡೂಣೇನು? ನೀ ಬಿಕಾಂ ಅಲ್ಲ, ಲೆಕ್ಕ ಹಾಕಿ ಹೇಳು” ಅಂತ.

ಲೆಕ್ಕ ಹಾಕೀನಿ. ಉತ್ತರ: ಆ ಕ್ರೀಮಿನಿಂದ ಮನಿಯೊಳಗ ಮಾಡಬ್ಯಾಡ್ರಿ. ಕಲೆ ಬ್ಯಾಡ ಅಂತ ಅಲ್ಲ, ಧಂದೆ ಬ್ಯಾಡ ಅಂತಲೂ ಅಲ್ಲ. ಆ ಕ್ರೀಮ್ ಏನು ಅಂತ ಹೇಳದೆ ಮಾರೋದು ತಪ್ಪು, ಕಲಿಸೋದು ಅದಕ್ಕಿಂತ ದೊಡ್ಡ ತಪ್ಪು. ಒಂಬತ್ತು ಪೋಸ್ಟ್ ಐತಿ. ಪೂರ್ತಿ ಓದಿ ಆಮೇಲೆ ಜಗಳಕ್ಕ ಬರ್ರಿ.

2/9
ಮೊದಲು ಒಂದು ಸಾದಾ ಪ್ರಶ್ನೆ. ಬಚ್ಚಲ ತೊಳೆಯೋ ಆ್ಯಸಿಡ್ಡನ್ನು ಗಾಜಿನ ಬಾಟ್ಲಿಯೊಳಗ ಹಾಕಿಟ್ಟರೂ ಗಾಜಿಗೆ ಏನೂ ಆಗೂದಿಲ್ಲ. ಕಾಲೇಜ್ ಲ್ಯಾಬಿನೊಳಗ ಸಲ್ಫ್ಯೂರಿಕ್ ಆ್ಯಸಿಡ್ ಸಹ ಗಾಜಿನ ಬಾಟ್ಲಿಯೊಳಗೇ ಇರತೈತಿ. ಹಂಗಾದ್ರ ಈ ಕ್ರೀಮ್ ಐದು ನಿಮಿಷದಾಗ ಗಾಜನ್ನ ಹೆಂಗ ತಿನ್ನತೈತಿ?

ಯಾಕಂದ್ರ ಇದರೊಳಗ ಇರೋದು ಅಮೋನಿಯಂ ಬೈಫ್ಲೋರೈಡ್ ಅಥವಾ ಸೋಡಿಯಂ ಬೈಫ್ಲೋರೈಡ್‌ನಂಥ ಲವಣ. ಕ್ರೀಮಿನ ತೇವದೊಳಗ ಇವು ಹೈಡ್ರೋಫ್ಲೋರಿಕ್ ಆ್ಯಸಿಡ್ ಹುಟ್ಟಿಸುತ್ತವೆ. ಗಾಜಿನ ಸಿಲಿಕಾವನ್ನು ತಿನ್ನೋದು ಅದೇ. 1771ರಲ್ಲಿ ಶೀಲೆ ಎಂಬ ರಸಾಯನ ವಿಜ್ಞಾನಿ ಈ ಆ್ಯಸಿಡ್ ಬಗ್ಗೆ ಬರೆದ. ಇದನ್ನ ಗಾಜಿನ ಬಾಟ್ಲಿಯೊಳಗ ಇಡೂದಿಲ್ಲ. ಕ್ರೀಮಿನ ಡಬ್ಬಿ ಪ್ಲಾಸ್ಟಿಕ್ಕಿಂದು ಯಾಕ ಅನ್ನೋದಕ್ಕ ಇದೇ ಉತ್ತರ.

ಹೆಸರಿಗೆ ಕ್ರೀಮ್. ಮುಖಕ್ಕ ಹಚ್ಚೋದೂ ಕ್ರೀಮ್, ಕೇಕಿಗೆ ಹಚ್ಚೋದೂ ಕ್ರೀಮ್. ಮೋಸ ಶುರುವಾಗೋದೇ ಈ ಹೆಸರಿನಿಂದ.

3/9
“ಅದು ವೀಕ್ ಆ್ಯಸಿಡ್ ಅಂತ, ಗೂಗಲ್ ನೋಡು” ಅಂತ ಒಬ್ಬರು ಡಿಎಂ ಮಾಡ್ಯಾರ. ನೋಡೀನಿ. ರಸಾಯನಶಾಸ್ತ್ರದೊಳಗ ವೀಕ್ ಅಂದ್ರ ನೀರಿನೊಳಗ ಪೂರ್ತಿ ಬಿಡಿಯಾಗೂದಿಲ್ಲ ಅಂತ ಅರ್ಥ. ಮೆತ್ತಗಿನ ಸ್ವಭಾವದ್ದು ಅಂತಲ್ಲ. ಪೂರ್ತಿ ಬಿಡಿಯಾಗದೆ ಇರೋದರಿಂದಲೇ ಅದು ಚರ್ಮ ದಾಟಿ ಒಳಗ ಇಳಿಯತೈತಿ. ಒಳಗ ಹೋದ ಫ್ಲೋರೈಡ್ ನಮ್ಮ ಮೈಯ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳತೈತಿ.

ಇನ್ನೂ ಕೆಟ್ಟದ್ದು: ಕಡಿಮೆ ಸಾಂದ್ರತೆ ಇದ್ದರ ಹತ್ತಿದ ಕೂಡಲೇ ಉರಿಯೂದಿಲ್ಲ. ತಾಸುಗಟ್ಟಲೆ ತಡವಾಗಿ ನೋವು ಶುರುವಾಗಬಹುದು. ಹಾನಗಲ್ ಕಡೆಯ ಒಂದು ಊರಾಗ ಒಂದು ದಿನದ ವರ್ಕ್‌ಶಾಪಿಗೆ ಹೋಗಿದ್ದ ನನ್ನ ಗೆಳತಿಗೆ ಆಗಿದ್ದು ಇದೇ. ಗ್ಲೌಸ್ ಕೊಟ್ಟಿರಲಿಲ್ಲ. ಮಧ್ಯಾಹ್ನ ಕೈ ತೊಳಕೊಂಡು ಬಸ್ ಹತ್ತಿ ಮನಿಗೆ ಬಂದಳು, ಏನೂ ಇರಲಿಲ್ಲ. ರಾತ್ರಿ ಉಗುರಿನ ಬುಡ ಬಡಕೊಳ್ಳಾಕ ಹತ್ತಿತು. ಮನಿಯವರು ಅರಿಶಿಣ ಹಚ್ಚಿದರು. ಮರುದಿನ ಡಾಕ್ಟರ್ ಹತ್ರ ಹೋದಾಗ “ಏನು ಮುಟ್ಟಿದ್ದಿ?” ಅಂತ ಕೇಳಿದರ ಆಕಿ ಹತ್ರ ಉತ್ತರ ಇರಲಿಲ್ಲ. ಕಲಿಸಿದವರು ಹೆಸರೇ ಹೇಳಿರಲಿಲ್ಲ.

ಬೆರಳು ಉಳಿದೈತಿ. ಆದರ ಆ ವರ್ಕ್‌ಶಾಪಿಗೆ ಆಕಿ ಕಟ್ಟಿದ ಫೀಜಿನೊಳಗ ಆ ಹೆಸರು ಹೇಳೋ ಒಂದು ನಿಮಿಷ ಸೇರಿರಬಾರದಿತ್ತೇನು?

4/9
ಎಲ್ಲಾ ಬಿಟ್ಟು ಶಾಯಿ ಬಾಟ್ಲಿನೇ ಯಾಕ? ಸಣ್ಣದು, ದಪ್ಪ ಗಾಜು, ಅಜ್ಜನ ಟ್ರಂಕಿನೊಳಗ ಒಂದಾದರೂ ಸಿಗತೈತಿ. ನಮ್ಮ ಕಡೆ ದೌತಿ ಅಂತಾರ. ಕರೆಂಟ್ ಇಲ್ಲದ ಕಾಲಕ್ಕ ಇದೇ ಬಾಟ್ಲಿಗೆ ಬತ್ತಿ ಹಾಕಿ ಚಿಮಣಿ ಮಾಡತಿದ್ದರು.

ಆದರ ಈ ಕ್ರೀಮಿಗೆ ಇದರಷ್ಟು ತ್ರಾಸಿನ ವಸ್ತು ಇನ್ನೊಂದಿಲ್ಲ. ಚಪ್ಪಟೆ ಕನ್ನಡಿಯನ್ನ ಟೇಬಲ್ ಮೇಲೆ ಇಟ್ಟು ಬ್ರಷ್ಷಿನಿಂದ ಹಚ್ಚಬಹುದು. ಶಾಯಿ ಬಾಟ್ಲಿಯನ್ನ ಕೈಯಾಗ ಹಿಡಿದು ತಿರುಗಿಸಬೇಕು. ಬಾಗಿದ ಮೈ ಮೇಲೆ ಸ್ಟಿಕ್ಕರಿನ ಅಂಚು ಏಳತೈತಿ, ಅದನ್ನ ಬೆರಳಿನಿಂದಲೇ ಒತ್ತತೀವಿ. ಕ್ರೀಮ್ ಜಾರಿ ಹಿಡಿದ ಬೆರಳಿಗೇ ಬರತೈತಿ. ರೀಲಿನೊಳಗ ಈ ಭಾಗ ಯಾವಾಗಲೂ ಕಟ್. ಹಚ್ಚೋದು ಕಾಣತೈತಿ, ಹಾಡು ಬರತೈತಿ, ಹೊಳೆಯೋ ಬಾಟ್ಲಿ ಬರತೈತಿ. ನಡುವಿನ ತೊಳೆಯೋದು ಎಲ್ಲಿ? ಅಡುಗಿ ಮನಿ ಸಿಂಕಿನೊಳಗ. ಪಕ್ಕದಾಗ ರೊಟ್ಟಿ ಹಂಚು.

5/9
ತೊಳೆದ ನೀರಿನ ಮಾತು. “ಸೋಡಾ ಪುಡಿ ಹಾಕಿದರ ಎಲ್ಲಾ ಸರಿ” ಅಂತ ಒಂದು ಸಲಹೆ ಓಡಾಡಾಕತ್ತೈತಿ. ಸೋಡಾ ಹಾಕಿದರ ಆಮ್ಲತೆ ಇಳಿಯತೈತಿ. ಫ್ಲೋರೈಡ್ ಎಲ್ಲೂ ಹೋಗೂದಿಲ್ಲ, ನೀರಿನೊಳಗೇ ಇರತೈತಿ.

ನಮ್ಮ ಊರುಗಳೊಳಗ ಬಚ್ಚಲ ನೀರು ಎಲ್ಲಿಗೆ ಹೋಗತೈತಿ ಅಂತ ನಿಮಗೂ ಗೊತ್ತು. ಹಿತ್ತಲದ ಬಾಳೆ ಗಿಡಕ್ಕ, ಕರಿಬೇವಿನ ಬುಡಕ್ಕ, ಇಲ್ಲಾ ಎಮ್ಮಿ ನಿಂತಿರೋ ಚರಂಡಿಗೆ. ಪಕ್ಕದ ಗದಗ ಜಿಲ್ಲೆಯ ಮುಂಡರಗಿ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಹಲ್ಲು, ಎಲುಬು ಹಾಳಾದವರ ಸುದ್ದಿ ಓದಿಕೊಂಡೇ ಬೆಳೆದವರು ನಾವು. ಕುಡಿಯೋ ನೀರಿನೊಳಗ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಒಂದು ಬಾಟ್ಲಿ ತೊಳೆದರ ಊರ ನೀರು ಕೆಡತೈತಿ ಅಂತ ನಾನು ಹೇಳೂದಿಲ್ಲ. ಆದರ ಮಿಲಿಗ್ರಾಮಿನ ಲೆಕ್ಕದಾಗ ಅಂಜೋ ವಸ್ತುವನ್ನ ಚಮಚಗಟ್ಟಲೆ ಹಿತ್ತಲಕ್ಕ ಬಿಡೋದನ್ನ “ಇಕೋ ಫ್ರೆಂಡ್ಲಿ, ಹಳೇ ಬಾಟ್ಲಿ ಮರುಬಳಕೆ” ಅಂತ ಕರೆಯೋಕೆ ನಾಚಿಕೆ ಬರಬೇಕು.

6/9
ಈಗ ನನ್ನ ಸಬ್ಜೆಕ್ಟ್. ಇದು ಉದಾಹರಣೆ ಲೆಕ್ಕ, ನಿಮ್ಮ ಊರ ರೇಟ್ ಹಾಕಿಕೊಂಡು ತಿದ್ದಿಕೊಳ್ರಿ.

ಬಾಟ್ಲಿ ₹15
ಕ್ರೀಮಿನ ಪಾಲು ₹25
ಸ್ಟಿಕ್ಕರ್ ಶೀಟ್ ₹8
ಗ್ಲೌಸ್ ₹6
ಪ್ಯಾಕಿಂಗ್ ₹20
ಕೊರಿಯರ್ ₹60
ನಿಮ್ಮ 40 ನಿಮಿಷ, ತಾಸಿಗೆ ₹60ರಂತೆ ₹40
ಒಟ್ಟು ₹174

ಪೇಜಿನೊಳಗ ಮಾರೋ ರೇಟ್ ₹149, ಶಿಪ್ಪಿಂಗ್ ಫ್ರೀ. ನಷ್ಟ ₹25.

“ನಮಗ ಲಾಭ ಬರತೈತಲ್ಲ” ಅಂತೀರಿ. ಹೌದು, ನಿಮ್ಮ ದುಡಿಮೆಯ ₹40 ಕಿತ್ತು ಒಗೆದರ ₹15 ಲಾಭ ಕಾಣತೈತಿ. ಗ್ಲೌಸೂ ಬಿಟ್ಟರ ₹21. ನೋಡ್ರಿ, ಲಾಭ ಎಲ್ಲಿಂದ ಬಂತು? ನಿಮ್ಮ ಕೂಲಿಯಿಂದ, ಆಮೇಲೆ ನಿಮ್ಮ ಚರ್ಮದಿಂದ. ಇದಕ್ಕ ಮಹಿಳಾ ಸಬಲೀಕರಣ ಅಂತ ಬ್ಯಾನರ್ ಬ್ಯಾರೆ. ಖರೇ ಗಳಿಸೋವರು ಇಬ್ಬರೇ: ಕ್ರೀಮಿನ ಲಿಂಕ್ ಕೊಟ್ಟು ಕಮಿಷನ್ ತಗೊಳ್ಳೋವರು, ಫೀಜು ತಗೊಂಡು ವರ್ಕ್‌ಶಾಪ್ ಮಾಡೋವರು. ಅವರ ಬೆರಳಿಗೆ ಕ್ರೀಮ್ ಹತ್ತೂದಿಲ್ಲ.

7/9
ಕಾನೂನಿನ ಕಡೆ ಬರೂಣು. 2013ರಲ್ಲಿ ಸುಪ್ರೀಂ ಕೋರ್ಟ್ ಆ್ಯಸಿಡ್ ಮಾರಾಟಕ್ಕ ಷರತ್ತು ಹಾಕಿತು: ಕೊಳ್ಳೋವರು ಫೋಟೋ ಇರೋ ಗುರುತಿನ ಚೀಟಿ ತೋರಿಸಬೇಕು, ಅಂಗಡಿಯವರು ರಿಜಿಸ್ಟರ್ ಇಡಬೇಕು, 18 ವರ್ಷದೊಳಗಿನವರಿಗೆ ಮಾರಬಾರದು. ಇತ್ತ ಗಾಜು ತಿನ್ನೋ ಕ್ರೀಮನ್ನ ನಮ್ಮ ಓಣಿಯ ಎಂಟನೇ ಕ್ಲಾಸಿನ ಹುಡುಗ ಅವ್ವನ ಫೋನಿನಿಂದ ಆರ್ಡರ್ ಮಾಡಿ ತರಿಸ್ಯಾನ. ಯಾರೂ ವಯಸ್ಸು ಕೇಳಿಲ್ಲ.

ಡಬ್ಬಿ ಮೇಲೆ ಎಚ್ಚರಿಕೆ ಇತ್ತು. ಇಂಗ್ಲಿಷಿನೊಳಗ, ಇರುವೆ ಗಾತ್ರದ ಅಕ್ಷರದೊಳಗ. ಪ್ಯಾಕ್ ಮಾಡಿದ ಸರಕಿನ 2011ರ ನಿಯಮದ ಪ್ರಕಾರ ವಿವರ ಹಿಂದಿ ಅಥವಾ ಇಂಗ್ಲಿಷಿನೊಳಗ ಇದ್ದರ ಸಾಕು. ಕನ್ನಡ ಹಾಕಿದರ ಬ್ಯಾಡ ಅನ್ನೂದಿಲ್ಲ, ಹಾಕಲೇಬೇಕು ಅಂತಲೂ ಇಲ್ಲ. ಹಿಂಗಾಗಿ ಕನ್ನಡದಾಗ ರೀಲ್ ಐತಿ, ಕನ್ನಡದಾಗ ಜಾಹೀರಾತು ಐತಿ, ಕನ್ನಡದಾಗ ಆಫರ್ ಐತಿ. ಅಪಾಯ ಮಾತ್ರ ಇಂಗ್ಲಿಷಿನೊಳಗ! ಮಾರಾಕ ನಮ್ಮ ಭಾಷೆ ಬೇಕು, ಉಳಿಸಾಕ ಬ್ಯಾಡ.

ರೀಲ್ ಮಾಡೋವರೂ ಕೇಳ್ರಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸೋ ಜಾಹೀರಾತಿಗೆ ಮುಖ ಕೊಟ್ಟವರಿಗೂ ₹10 ಲಕ್ಷದ ತನಕ ದಂಡ ಹಾಕಬಹುದು. ದುಡ್ಡು ತಗೊಂಡು “ಮಕ್ಕಳಿಗೂ ಸೇಫ್” ಅನ್ನೋ ಮೊದಲು ಒಮ್ಮೆ ಯೋಚನೆ ಮಾಡ್ರಿ. ಗ್ರಾಹಕ ಸಹಾಯವಾಣಿ ನಂಬರ್ 1915. ನಾವೂ ಡಯಲ್ ಮಾಡಬಲ್ಲೆವು.

8/9
“ಬರೇ ಬ್ಯಾಡ ಅಂತೀ, ದಾರಿ ಹೇಳು” ಅಂದವರಿಗೆ.

ಗ್ಯಾರೇಜಿನೊಳಗ ನೀರು ಹಾಕಿ ತಿಕ್ಕೋ ಕರೀ ಉಜ್ಜು ಕಾಗದ ಸಿಗತೈತಿ. ಬಾಟ್ಲಿಗೆ ಟೇಪಿನಿಂದ ಡಿಸೈನ್ ಕತ್ತರಿಸಿ ಅಂಟಿಸ್ರಿ. ಕಾಗದವನ್ನ ನೀರಿನೊಳಗ ಅದ್ದಿ, ಟೇಪ್ ಇಲ್ಲದ ಜಾಗ ಸಾವಕಾಶ ತಿಕ್ಕರಿ. ಒಣಗಿದ್ದನ್ನ ತಿಕ್ಕಬ್ಯಾಡ್ರಿ, ಗಾಜಿನ ಪುಡಿ ಮೂಗಿಗೆ ಹೋಗತೈತಿ. ಟೇಪ್ ತೆಗೆದರ ಅದೇ ಮಂಜು ಕವಿದ ನೋಟ. ಐದು ನಿಮಿಷ ಅಲ್ಲ, ಅರ್ಧ ತಾಸು ಬೇಕು. ಅಂಚು ಅಷ್ಟು ಚೂಪಾಗಿ ಬರೂದಿಲ್ಲ. ಒಪ್ಪತೀನಿ. ಆದರ ಕೈ ಉಳಿಯತೈತಿ, ಖರ್ಚೂ ಇಳಿಯತೈತಿ. ಗ್ಲಾಸ್ ಪೇಂಟ್ ಇನ್ನೂ ಸಲೀಸು.

ಮತ್ತ ಡಿಸೈನ್? ಎಲ್ಲಾರೂ ಅದೇ ಗುಲಾಬಿ, ಅದೇ ಚಿಟ್ಟೆ. ಹಾನಗಲ್ಲಿನ ತಾರಕೇಶ್ವರ ಗುಡಿಯೊಳಗ ತಲೆ ಎತ್ತಿ ನೋಡ್ರಿ, ಕಲ್ಲಿನ ತಾವರೆ ಐತಿ. ಸವಣೂರಿನ ದೊಡ್ಡಹುಣಸೆ ಮರಗಳ ಬುಡ ನೋಡ್ರಿ. ಶಿಗ್ಗಾಂವ ತಾಲೂಕಿನ ಬಾಡ ಕನಕದಾಸರ ಊರು, ಗೊಟಗೋಡಿಯೊಳಗ ಜಾನಪದ ವಿಶ್ವವಿದ್ಯಾಲಯನೇ ಐತಿ. ಹಿರೇಕೆರೂರ ತಾಲೂಕಿನ ಅಬಲೂರು ಅಂದ್ರ ಸರ್ವಜ್ಞನ ಹೆಸರು ಬರತೈತಿ. ಅಜ್ಜಿ ಹತ್ರ ಕಸೂತಿಯ ಗೋಪುರ, ತೇರು ಕೇಳಿ ಬರಕೊಳ್ರಿ. ಇಂಥ ಬಾಟ್ಲಿಗೆ ₹149 ಅಲ್ಲ, ₹300 ಕೇಳೋ ಧೈರ್ಯ ಬರತೈತಿ. ಯಾಕಂದ್ರ ಅದು ಬ್ಯಾರೆ ಎಲ್ಲೂ ಸಿಗೂದಿಲ್ಲ.

9/9
ಸೇವ್ ಮಾಡಿಟ್ಕೊಳ್ರಿ. ಕ್ರೀಮ್ ಈಗಾಗಲೇ ಕೈಗೆ ಹತ್ತಿದ್ದರ: ನೋವಿಗೆ ಕಾಯಬ್ಯಾಡ್ರಿ. ಬಳೆ, ಉಂಗುರ ತೆಗೆದು ತಕ್ಷಣ ಹರಿಯೋ ನೀರಿನೊಳಗ ಚೆನ್ನಾಗಿ ತೊಳೀರಿ. ಕಣ್ಣಿಗೆ ಸಿಡಿದಿದ್ದರ ನೀರು ಹಾಕಿಕೋತ 108ಕ್ಕ ಫೋನ್ ಮಾಡಿಸ್ರಿ. ದವಾಖಾನಿಗೆ ಹೋಗುವಾಗ ಡಬ್ಬಿ ಜೊತಿಗೆ ಒಯ್ರಿ, “ಫ್ಲೋರೈಡ್” ಅನ್ನೋ ಶಬ್ದ ಡಾಕ್ಟರಿಗೆ ಹೇಳ್ರಿ. ಇದಕ್ಕ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚತಾರ. ಅರಿಶಿಣ, ಟೂತ್‌ಪೇಸ್ಟ್ ಅಲ್ಲ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ನಂಬರ್ 1800 116 117.

ವರ್ಕ್‌ಶಾಪ್ ಮಾಡೋ ಅಣ್ಣಾರು, ಅಕ್ಕಾರಿಗೆ ಮೂರೇ ಪ್ರಶ್ನೆ. ಇದರೊಳಗ ಏನೈತಿ ಅಂತ ಕನ್ನಡದಾಗ ಬರೆದು ಗೋಡೆಗೆ ಹಚ್ಚತೀರೇನು? ಬಂದವರೆಲ್ಲರಿಗೂ ಗ್ಲೌಸ್, ಕನ್ನಡಕ ಕೊಡತೀರೇನು? ಆ ಜೆಲ್ ನಿಮ್ಮ ಟೇಬಲ್ ಮೇಲೆ ಐತೇನು? ಮೂರಕ್ಕೂ ಹೌದು ಅಂದವರ ಹೆಸರನ್ನ ನಾನೇ ಸ್ಟೋರಿಗೆ ಹಾಕಿ ಪ್ರಚಾರ ಮಾಡತೀನಿ, ಫ್ರೀ. ಒಂದಕ್ಕ ಇಲ್ಲ ಅಂದರೂ ಫೀಜು ವಾಪಸ್ ಕೊಡ್ರಿ.

ವರ್ಕ್‌ಶಾಪಿಗೆ ಹೆಸರು ಕೊಟ್ಟಿರೋ ಗೆಳತಿ ಇದ್ದರ ಈ ಒಂಬತ್ತೂ ಆಕಿಗೆ ಕಳಿಸ್ರಿ. ಲೈಕ್ ಬ್ಯಾಡ, ಶೇರ್ ಮಾಡ್ರಿ.

#ಹಾವೇರಿ #ಹಾನಗಲ್ #ಶಿಗ್ಗಾಂವ #ಸವಣೂರು #ಹಿರೇಕೆರೂರು #ಶಾಯಿಬಾಟ್ಲಿ #ಕನ್ನಡದಲ್ಲಿಎಚ್ಚರಿಕೆ